ಪುಟ್ಟಬಸವಯ್ಯನವರ ಶೆಡ್ಡು

ನಿವೃತ್ತ ಗುಮಾಸ್ತ ಪುಟ್ಟಬಸವಯ್ಯನವರು ನಂಜನಗೂಡಿನ ತಮ್ಮ ಹಿತ್ತಲಲ್ಲಿ ಮರದ ಶೆಡ್ಡು ಕಟ್ಟತೊಡಗಿ ಎರಡು ವರ್ಷವಾಯಿತು. ಅಂದಿನಿಂದ ಅವರ ಹೆಂಡತಿ ಸರ್ವಮಂಗಳಮ್ಮ ನಡುಮನೆಯಲ್ಲಿ ಹಲಗೆ ದಾಟಿಕೊಂಡೇ ಓಡಾಡುತ್ತಿದ್ದಾರೆ. ವಾಸ್ತು ಪ್ರಕಾರ ಅಳತೆಗೆ ಆಯ ಕೂಡಿಬರಲಿಲ್ಲ, ಮನೆಗೆ ಒಳಿತಲ್ಲ ಎಂದು ಮೂರು ಸಲ ಬಿಚ್ಚಿ ಕಟ್ಟಿದ್ದಾಯಿತು. "ಗುದ್ಲಿ ಇಡಕ್ಕೆ ಆಯ ಯಾಕ್ರೀ? ಆಚಾರೀನ ಕರೀರಿ" ಎಂದರೆ, "ಯಾಕೆ, ನಾನು ಸತ್ತೋದ್ನಾ?" ಎನ್ನುತ್ತಾರೆ. ಮೊನ್ನೆ ಸಾಕಾಗಿ, ತಾವೇ ಆಚಾರಿಯನ್ನು ಕರೆತರಲು ಹೊರಟ ಸರ್ವಮಂಗಳಮ್ಮ ಶೆಡ್ಡಿನೊಳಗೆ ಇಣುಕಿದರು. ಗಂಡ ಖಾಲಿ ಹಲಗೆಗೋಡೆಗೆ ಸಾಲಾಗಿ ಮೊಳೆ ಹೊಡೆಯುತ್ತಿದ್ದರು. ಈ ಮನುಷ್ಯನಿಗೆ ಮೂವತ್ತು ವರ್ಷ ಬಾಡಿಗೆ ಮನೆಗಳ ಮಾಲೀಕರು, ಈಗ ಸ್ವಂತ ಮನೆಯಲ್ಲಿ ಪೇಂಟು ಹಾಳಾಗುತ್ತದೆಂದು ಮಗ, ಕ್ಯಾಲೆಂಡರ್ ತೂಗುಹಾಕಲೂ ಒಂದು ಮೊಳೆ ಹೊಡೆಯಗೊಟ್ಟಿರಲಿಲ್ಲ. "ಅದು ಸೊಟ್ಟಗದೆ, ಇನ್ನೊಂದು ಹೊಡೀರಿ" ಎಂದು ಆಕೆ ಆಚಾರಿಯ ಮನೆಗೆ ಹೋಗದೆ ಹಿಂತಿರುಗಿದರು.