ಎಡಕ್ಕಾಯಿತೆಂದು ಹೇಳಿದ ಪ್ರಸಾದ

ವಿನಾಯಕನನ್ನು ನಂಬಿ ನಡೆಯುವ ಎಲ್ಲ ಬಂಧುಗಳಿಗೆ ಇಸಳೂರಿನಿಂದ ಈ ತಂಗಿಯ ನಮಸ್ಕಾರ. 2003ನೇ ಇಸವಿ, ದೀಪಾವಳಿ ಕಳೆದ ಮೇಲೆ ನನ್ನ ಹೊಟ್ಟೆ ಊದಲು ಶುರುವಾಯಿತು. ಕೈಕಾಲು ಕಡ್ಡಿಯಾಗಿ ಹೊಟ್ಟೆ ಮಾತ್ರ ಗುಡಾಣವಾಯಿತು. ಸಂಜೆಯಾದರೆ ಸಣ್ಣ ಜ್ವರ, ಎರಡು ತುತ್ತು ತಿಂದರೆ ಸಾಕು ಅನ್ನಿಸುತ್ತಿತ್ತು. ನಾನು ಬಾಲವಾಡಿ ಶಿಕ್ಷಕಿ. ಒಂದು ದಿನ ಪುಟ್ಟ ಹುಡುಗಿಯೊಬ್ಬಳು, "ಟೀಚರ್, ನಿಮ್ಮ ಹೊಟ್ಟೇಲಿ ಪಾಪು ಇದ್ಯಾ?" ಎಂದು ಕೇಳಿದಳು. ಮದುವೆ ನಿಶ್ಚಯವಾದ ಮಗಳಿರುವವಳು ನಾನು, ನಗದೆ ಇನ್ನೇನು ಮಾಡಲಿ? ಮನೆಗೆ ಬಂದು ಬಚ್ಚಲಲ್ಲಿ ಅತ್ತೆ.

ಶಿರಸಿಯ ಡಾಕ್ಟರು ಸ್ಕ್ಯಾನಿಂಗ್ ಮಾಡಿಸಿದರು. ಕರುಳನ್ನೆಲ್ಲ ಹೊದ್ದುಕೊಂಡಿರುವ ತೆಳು ಪೊರೆಯ ಮೇಲೆ ಗಂಟುಗಳೆದ್ದಿವೆ, ಹೊಟ್ಟೆಯಲ್ಲಿ ನೀರು ತುಂಬಿದೆ ಎಂದರು. "ಕ್ಯಾನ್ಸರ್ ಇರಬಹುದು, ಬೇರೆ ಏನಾದರೂ ಇರಬಹುದು. ಸ್ಕ್ಯಾನಿಂಗ್ ಚಿತ್ರ ನೋಡಿ ಹೇಳೋಕಾಗಲ್ಲ. ಹುಬ್ಬಳ್ಳಿಗೆ ಹೋಗಿ. ಸೂಜಿ ಹಾಕಿ ನೀರು ತೆಗೀತಾರೆ, ಗಂಟಿನಿಂದ ಒಂಚೂರು ಜೀವಕೋಶ ತೆಗೀತಾರೆ. ಅದನ್ನು ನೋಡಿದರೆ ಗೊತ್ತಾಗುತ್ತೆ. ತಡ ಮಾಡಬೇಡಿ," ಎಂದರು.

ನಮ್ಮ ಮನೆಯವರು ಪಕ್ಕದಲ್ಲೇ ಕೂತಿದ್ದರು. ಅವರಿಗೆ ಶಿರಸಿ ಪೇಟೆಯಲ್ಲಿ ಕೈಗಡಿಯಾರದ ಅಂಗಡಿ. ಮೆತ್ತನೆಯ ಮನುಷ್ಯ, ನನಗೆ ಒಂದು ದಿನವೂ ಗದರಿದವರಲ್ಲ. ದಾರಿಯಲ್ಲಿ, "ಗಂಟಿಗೆ ಸೂಜಿ ತಾಗಿದ್ರೆ ಕೆರಳ್ತು ಹೇಳ್ತ. ಪ್ರಸಾದ ಕೇಳಿಯೇ ಮುಂದಿನ ಮಾತು," ಎಂದರು. ನಾನೂ ಹೂಂ ಎಂದೆ. ಮದುವೆಯಿರಲಿ, ಆಪರೇಷನ್ ಇರಲಿ, ನಮ್ಮಲ್ಲಿ ದೇವರ ಅಪ್ಪಣೆಯಿಲ್ಲದೆ ಹೆಜ್ಜೆ ಇಡುವುದಿಲ್ಲ. ನಮ್ಮ ಮನೆದೇವರು ಇರುವುದು ಸಿದ್ದಾಪುರದ ಆಚೆ, ಮನ್ಮನೆ ಕಡೆ. ಭಟ್ಟರು ವಿನಾಯಕನ ಎರಡೂ ಬದಿಗೆ ಒದ್ದೆ ಹೂವಿನ ಎಸಳು ಅಂಟಿಸಿ ಪ್ರಾರ್ಥನೆ ಮಾಡುತ್ತಾರೆ. ಬಲದ ಎಸಳು ಮೊದಲು ಬಿದ್ದರೆ ಅಪ್ಪಣೆ, ಎಡದ್ದು ಬಿದ್ದರೆ ಬೇಡವೆಂದು ಅರ್ಥ.

ನನಗೆ ಬಸ್ಸು ಹತ್ತುವ ತ್ರಾಣವಿರಲಿಲ್ಲ. ಅವರೊಬ್ಬರೇ ಹೋದರು. ಮಧ್ಯಾಹ್ನ ವಾಪಸು ಬಂದು ಕಾಲು ತೊಳೆಯುತ್ತ, ನನ್ನ ಮುಖ ನೋಡದೆ ಹೇಳಿದರು: "ಎಡಕ್ಕಾತು. ದೇವ್ರಿಗೆ ಮನಸ್ಸಿಲ್ಲೆ."

ಕಷಾಯ, ಪಥ್ಯ, ನಾಟಿ ಔಷಧಿ ಎಲ್ಲ ಆಯಿತು. ಹೊಟ್ಟೆ ಇಳಿಯಲಿಲ್ಲ. ನನಗಿದ್ದದ್ದು ಸಾವಿನ ಭಯಕ್ಕಿಂತ ಹೆಚ್ಚಾಗಿ ದೇವರ ಮೇಲಿನ ಸಿಟ್ಟು. ಹುಟ್ಟಿದಾಗಿನಿಂದ ಅವನ ಹೆಸರು ಹೇಳದೆ ನೀರು ಮುಟ್ಟಿದವಳಲ್ಲ. ನನಗೆ ಬಂದಿರುವ ರೋಗ ಯಾವುದೆಂದು ತಿಳಿಯುವುದೂ ಬೇಡ ಎಂದನಲ್ಲ! ನಂಬಿಸಿ ಕತ್ತು ಕೊಯ್ಯುವುದು ಮನುಷ್ಯರ ಕೆಲಸ, ನೀನೂ ಕಲಿತೆಯಾ ಎಂದು ದೇವರ ಕೋಣೆಯ ಮುಂದೆ ಕೂತು ಬೈದೆ. ದೀಪ ಹಚ್ಚುವುದನ್ನು ಮಗಳಿಗೆ ಬಿಟ್ಟೆ.

ಶಿವರಾತ್ರಿ ಕಳೆದ ಮೇಲೆ, ಸಾಯುವುದಾದರೆ ಅವನ ಮುಖ ನೋಡಿ ಒಂದು ಮಾತು ಕೇಳಿಯೇ ಸಾಯುತ್ತೇನೆ ಎಂದು ಹಟ ಹಿಡಿದೆ. ಮನೆಯವರು ಅಂಗಡಿಗೆ ಹೋದ ಮೇಲೆ ಮಗಳು ಸುಮಾಳನ್ನು ಕರೆದುಕೊಂಡು ಹೊರಟೆ. ಸಿದ್ದಾಪುರದವರೆಗೆ ಬಸ್ಸು, ಅಲ್ಲಿಂದ ರಿಕ್ಷಾ. ಪ್ರತಿ ಗುಂಡಿಗೂ ಎರಡು ಕೈಯಲ್ಲಿ ಹೊಟ್ಟೆ ಹಿಡಿದುಕೊಂಡೆ.

ಭಟ್ಟರು ನನ್ನನ್ನು ಕಂಡವರೇ ಗಾಬರಿಯಾದರು. "ಎಂತದೇ ತಂಗಿ ಇದು? ಹುಬ್ಬಳ್ಳಿಗೆ ಹೋಗಿ ಪರೀಕ್ಷೆ ಮಾಡ್ಸಿದ್ದಿಲ್ಯ?"

"ಪ್ರಸಾದ ಎಡಕ್ಕಾದ ಮೇಲೆ ಹೆಂಗೆ ಹೋಗದು ಭಟ್ರೇ?"

"ಎಡಕ್ಕಾ? ಯಾರು ಹೇಳಿದ? ಆನೇ ಪ್ರಾರ್ಥನೆ ಮಾಡಿದ್ದೆ. ಕೇಳಿದ ಕೂಡ್ಲೆ ಬಲಕ್ಕಾತು. ನಾಳೆನೇ ಕರ್ಕಂಡು ಹೋಗು ಹೇಳಿ ನಿನ್ನ ಗಂಡಂಗೆ ಪ್ರಸಾದ ಕೊಟ್ಟು ಕಳ್ಸಿದ್ದಿ."

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ. ನನ್ನ ಪಾಲಿಗೆ ದೇವರೂ ಕೊಟ್ಟಿದ್ದ, ಪೂಜಾರಿಯೂ ಕೊಟ್ಟಿದ್ದರು. ಸಪ್ತಪದಿ ತುಳಿದವರು ನಡುದಾರಿಯಲ್ಲಿ ನುಂಗಿ ಹಾಕಿದ್ದರು. ವಿನಾಯಕನಿಗೆ ಕೈಮುಗಿದು, "ಅಪ್ಪಾ, ಬೈದದ್ದನ್ನೆಲ್ಲ ವಾಪಸು ತಗೊಂಡೆ," ಎಂದೆ. ಆ ಹೊತ್ತು ಬಂದ ಅಳು ಅವನ ಎದುರೇ ಹರಿದುಹೋಯಿತು.

ಸಂಜೆ ಮನೆಯವರು ಬಂದ ಕೂಡಲೇ ಕೇಳಿದೆ. ಅವರು, "ಯಲ್ಲಾಪುರದವು ನಿಶ್ಚಯ ಮಾಡ್ಕಂಡು ಹೋಯ್ದ. ಮನೇಲಿ ಕ್ಯಾನ್ಸರ್ ಇದ್ದು ಹೇಳಿ ಗೊತ್ತಾದ್ರೆ ಕೂಸಿನ ಸಂಬಂಧ ತಪ್ಪಿ ಹೋಗ್ತು. ಮದ್ವೆ ಮುಗಿದ್ಮೇಲೆ ಮಾಡ್ಸನ ಹೇಳಿ..." ಎಂದರು.

"ಅಷ್ಟ್ರೊಳಗೆ ಆನು ಸತ್ತಿದ್ರೆ?"

ಸುಮಾ ಒಳಗಿನಿಂದ ಬಂದವಳು, "ಯಂಗೆ ಆ ಮದ್ವೆನೇ ಬೇಡ ಅಪ್ಪಯ್ಯ. ಆಯಿ ಬೇಕು," ಎಂದಳು. ಮಾರನೆಯ ದಿನವೇ ಹುಬ್ಬಳ್ಳಿಗೆ ಹೊರಟೆವು.

ಬಸ್ಸು ಹೋದದ್ದು ಯಲ್ಲಾಪುರದ ಮೇಲೆ. ಸ್ಟ್ಯಾಂಡಿನಲ್ಲಿ ಚಹಕ್ಕೆ ನಿಂತಾಗ ಮನೆಯವರು ಮೆಲ್ಲಗೆ, "ಇಳಿಯಡ. ಸೆರಗು ಹೊದ್ಕ. ಆ ಮನೆಯವು ಯಾರಾದ್ರೂ ನೋಡ್ತ," ಎಂದರು. ಅಷ್ಟಾದ ಮೇಲೂ! ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿ, ಹೊಟ್ಟೆ ಮುಂದೆ ಮಾಡಿಕೊಂಡು ಇಳಿದು, ಸ್ಟ್ಯಾಂಡಿನ ನಟ್ಟನಡುವೆ ನಿಂತು ಚಹ ಕುಡಿದೆ. ಯಾರೂ ನೋಡಲಿಲ್ಲ. ನೋಡಲಿ ಎಂದೇ ನನಗೆ ಆಸೆಯಿತ್ತು.

ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಸ್ಕ್ಯಾನಿಂಗ್ ಪರದೆ ನೋಡುತ್ತಲೇ ಸೂಜಿ ಹಾಕಿದರು. ಮರಗಟ್ಟಿಸುವ ಇಂಜೆಕ್ಷನ್ ಮೊದಲೇ ಕೊಟ್ಟಿದ್ದರು. ಚುರುಕ್ ಎಂದಿತು, ಒಳಗೆ ಯಾರೋ ಒತ್ತಿದ ಹಾಗಾಯಿತು, ಅಷ್ಟೆ. ಹಳದಿ ನೀರು ಸೀಸೆಗೆ ಹೋಯಿತು, ಗಂಟಿನಿಂದ ತೆಗೆದದ್ದನ್ನು ಗಾಜಿನ ಪಟ್ಟಿಯ ಮೇಲೆ ಸವರಿದರು. ಇಷ್ಟಕ್ಕೆ ಹೆದರಿ ಒಂದು ಚಳಿಗಾಲ ಕಳೆದಿದ್ದೆವು. ಫಲಿತಾಂಶ ಬರುವವರೆಗೆ ವಿನಾಯಕನ ಹೆಸರು ಬಿಟ್ಟು ಬೇರೆ ಮಾತು ನನ್ನ ಬಾಯಿಗೆ ಬರಲಿಲ್ಲ.

ಧಾರವಾಡ ಕಡೆಯ ಡಾಕ್ಟರಮ್ಮ ನಮ್ಮನ್ನು ಒಳಗೆ ಕರೆದರು. "ಹೆದರಬ್ಯಾಡ್ರಿ. ಕ್ಯಾನ್ಸರಿನ ಜೀವಕೋಶ ಒಂದೂ ಇಲ್ರಿ. ಇದು ಟಿ.ಬಿ. ಎದೀಗೆ ಬರೂದು ಹೊಟ್ಟಿ ಪದರಕ್ಕ ಬಂದೈತಿ. ಗುಳಿಗಿ ಬಿಡದ ತಗೊಂಡ್ರ ಪೂರ್ತಿ ಆರಾಮ ಆಗ್ತೀರಿ," ಎಂದರು. ಆಮೇಲೆ ಮನೆಯವರ ಕಡೆ ತಿರುಗಿ, "ಇಷ್ಟು ದಿನ ಯಾಕ ಕುಂತ್ರಿ? ಇನ್ನೂ ಬಿಟ್ಟಿದ್ರ ಕರುಳು ಕಟ್ಕೊಂಡು ಜೀವಕ್ಕ ಬರ್ತಿತ್ತು," ಎಂದರು. ಅವರು ಮುಖ ಮುಚ್ಚಿಕೊಂಡು ಗೊಳೋ ಎಂದು ಅತ್ತರು. ನನಗೆ ಅವರನ್ನು ಸಮಾಧಾನ ಮಾಡಬೇಕೆನ್ನಿಸಲಿಲ್ಲ.

ಗುಳಿಗೆ ಶುರುವಾದ ಮೇಲೆ ಜ್ವರ ಬಿಟ್ಟಿತು, ನೀರು ಇಳಿಯಿತು, ಅನ್ನ ರುಚಿಸಿತು. ಯಲ್ಲಾಪುರದವರಿಗೆ ನಾನೇ ಫೋನು ಮಾಡಿ ಎಲ್ಲ ಹೇಳಿದೆ. ಹುಡುಗನ ತಾಯಿ, "ಮೊದ್ಲು ನಿಂಗ ಗುಣ ಆಗಿ. ಮದ್ವೆ ಎಲ್ಲಿಗೂ ಓಡಿ ಹೋಗ್ತಿಲ್ಲೆ," ಎಂದರು. ಇಷ್ಟೇ ಮಾತಿಗಾಗಿ ಮನೆಯವರು ನನ್ನ ಜೀವ ಪಣಕ್ಕಿಟ್ಟಿದ್ದರು! ಮುಂದಿನ ವರ್ಷ ಮದುವೆಯಲ್ಲಿ ನಾನೇ ಓಡಾಡಿ ಬಡಿಸಿದೆ. ಬಂಧುಗಳೇ, ಕೇಳಿದ ಕೂಡಲೇ ಬಲಕ್ಕೆ ಕೊಟ್ಟ ದೇವರು ಅವನು. ಆ ಮಾತು ನನ್ನ ಕಿವಿ ಮುಟ್ಟದಿದ್ದಾಗ, ನಡೆಯಲಾಗದವಳನ್ನು ತನ್ನ ಬಾಗಿಲಿಗೆ ಎಳೆದು ತಂದು ಮುಟ್ಟಿಸಿದ. ಉಸಿರಿರುವ ತನಕ ಅವನ ಋಣ ನನ್ನ ಮೇಲಿದೆ.

ಗುಳಿಗೆ ಮುಗಿದ ಮೇಲೆ ಗಣಹೋಮ ಮಾಡಿಸಲು ಹೋದೆವು. ಸಂಕಲ್ಪಕ್ಕೆ ಭಟ್ಟರು ಇಬ್ಬರನ್ನೂ ಜೊತೆಯಲ್ಲಿ ಕೂರಿಸಿದರು. ಮನೆಯವರು ನನ್ನ ಕಡೆ ಬಗ್ಗಿ, "ತಪ್ಪಾತೆ. ಕ್ಷಮಿಸ್ತ್ಯ?" ಎಂದರು.

"ದೇವ್ರನ್ನೇ ಕೇಳಿ," ಎಂದೆ. "ಅವ ಹೇಳಿದ್ದನ್ನ ಈ ಸಲ ಭಟ್ರೇ ಯಂಗೆ ಹೇಳ್ಲಿ."