ಬೀಯೆ ಮೇಡಮ್ಮೋರು ಮತ್ತು ಗಾಡಿಯ ಮೇಲಿನ ಗುಡ್ಲು

ಬೇರೆಯವರ ಮನೆಯಲ್ಲಿ ದೇವರ ಪಟ ಇರುವ ಜಾಗದಲ್ಲಿ ರುಕ್ಮಿಣಮ್ಮನವರ ಮನೆಯಲ್ಲಿ ಕರಿ ಗೌನು ತೊಟ್ಟ ಹೆಂಗಸರ ಗ್ರೂಪ್ ಫೋಟೋ ಇತ್ತು. ಅದಕ್ಕೆ ಹೂ ಮುಡಿಸುವುದಿಲ್ಲ, ಅಷ್ಟೇ ಪುಣ್ಯ ಎಂದು ನಮ್ಮಜ್ಜಿ ಗೊಣಗುತ್ತಿದ್ದಳು. ರುಕ್ಮಿಣಮ್ಮನವರು ಚಾಮರಾಜನಗರದವರು. ಬೊಂಬಾಯಿ ಕಡೆ ಹೆಂಗಸರಿಗೆಂದೇ ಇದ್ದ ವಿಶ್ವವಿದ್ಯಾನಿಲಯದಲ್ಲಿ ಬಿ.ಎ. ಮಾಡಿ, ಐವತ್ತರ ದಶಕದಲ್ಲಿ ಗುಂಡ್ಲುಪೇಟೆಯ ನಮ್ಮ ಹೆಣ್ಣುಮಕ್ಕಳ ಮಿಡ್ಲ್ ಸ್ಕೂಲಿಗೆ ಹೆಡ್‌ಮಿಸ್ಟ್ರೆಸ್ ಆಗಿ ಬಂದಿದ್ದರು. ಊರಿನವರ ಬಾಯಲ್ಲಿ ಬೀಯೆ ಮೇಡಮ್ಮೋರು.

ಶನಿವಾರ ಸ್ಕೂಲು ಬಿಟ್ಟ ಮೇಲೆ ನಾವು ನಾಲ್ಕಾರು ಹುಡುಗಿಯರು ಅವರ ಮನೆಗೆ ನುಗ್ಗುತ್ತಿದ್ದೆವು. ಪುರಿ, ಹುರಿಗಡಲೆ ಕೊಟ್ಟು, ಪೊರಕೆ ಕಡ್ಡಿಯಿಂದ ಆ ಫೋಟೋದ ಒಂದೊಂದೇ ಮುಖ ತೋರಿಸುತ್ತಿದ್ದರು. "ಇವಳು ಈಗ ಕಾಲೇಜಿಗೆ ಪ್ರಿನ್ಸಿಪಾಲು. ಇವಳು ರೇಡಿಯೋದಲ್ಲಿ ಮಾತಾಡ್ತಾಳೆ. ಈ ಗಿಡ್ಡಿ ಇದ್ದಾಳಲ್ಲ, ಪೇಪರ್ ನಡೆಸ್ತಾಳೆ ಕಣ್ರಮ್ಮಿ, ಮಂತ್ರಿಗಳೇ ಎದರ್ತಾರೆ!" ಆ ಕಾಣದ ಊರಿನ ಹೆಂಗಸರೆಲ್ಲ ನಮಗೆ ದೊಡ್ಡಮ್ಮ ಚಿಕ್ಕಮ್ಮಂದಿರಷ್ಟು ಹತ್ತಿರವಾಗಿದ್ದರು.

"ನೀವ್ಯಾರು ಮೇಡಂ ಇದ್ರಲ್ಲಿ?" ಎಂದು ಒಂದು ದಿನ ಕೇಳಿದೆ.

"ಆ ಮೂಲೇಲಿ ಮೊಖ ಕಲಸೋಗಿದ್ಯಲ್ಲ, ಅದೇ ನಾನು. ಫೋಟೋದವ್ನು ಅಲ್ಲಾಡ್ಬ್ಯಾಡಿ ಅಂದ. ಯಾರಾದ್ರೂ ಬ್ಯಾಡ ಅಂದ್ರೆ ನಂಗೆ ತಡಿಯಕಾಗಲ್ಲ."

ನಿಜ, ಅವರ ಸ್ವಭಾವವೇ ಅದು. ಆದರೆ ಜಗಳವಾಡುತ್ತಿರಲಿಲ್ಲ. ತಲೆ ಮೇಲೆ ಸೆರಗೆಳೆದುಕೊಂಡು ಎದುರಿಗೆ ಕೂತು, "ಅಂಗಾರೆ ಕಟ್ಟಳೆ ಏನು ಅಂತ ಒಸಿ ಬುಡಿಸಿ ಏಳಿ" ಎಂದು ಕೇಳುವರು. ಹೇಳುವವರು ಹೇಳುತ್ತಾ ಹೇಳುತ್ತಾ ತಾವೇ ಸಿಕ್ಕಿಬೀಳುತ್ತಿದ್ದರು.

ಮಿಡ್ಲ್ ಸ್ಕೂಲ್ ಪರೀಕ್ಷೆಗೆ ಇನ್ನೇನು ಎರಡು ದಿನ ಅನ್ನುವಾಗ ನಾನು ದೊಡ್ಡವಳಾದೆ. ನಮ್ಮಲ್ಲಿ ಹುಡುಗಿ ಮೈನೆರೆದರೆ ಸೋದರಮಾವ ಹಸಿ ಸೊಪ್ಪು ತಂದು ಗುಡ್ಲು, ಅಂದರೆ ಪುಟ್ಟ ಗುಡಿಸಲು, ಹಾಕಬೇಕು. ದಿನಗಳು ಕಳೆದು ತಲೆಗೆ ನೀರು ಹಾಕುವವರೆಗೆ ಅವಳು ಅದರೊಳಗೇ ಇರಬೇಕು. ಅಲ್ಲಿಗೆ ಪರೀಕ್ಷೆ ಹೋಯಿತು. ಪರೀಕ್ಷೆ ತಪ್ಪಿದರೆ ಹೈಸ್ಕೂಲಿಲ್ಲ, ಮುಂದಿನ ವರ್ಷದ ಹೊತ್ತಿಗೆ ಮದುವೆ. ದನದ ಕೊಟ್ಟಿಗೆಯ ಮೂಲೆಯಲ್ಲಿ ಕೂತು ಅತ್ತೂ ಅತ್ತೂ ನನ್ನ ಕಣ್ಣು ಊದಿತ್ತು.

ಪುಣಜನೂರಿನಿಂದ ಸಿದ್ದಪ್ಪ ಮಾವ ಗಾಡಿ ತುಂಬ ಸೊಪ್ಪು ಹೇರಿಕೊಂಡು ಬಂದ. ಅವನ ಹಿಂದೆಯೇ ಮೇಡಮ್ಮೋರೂ ಬಂದರು.

"ಓದಿದ್ದು ಸಾಕು ಬುಡಿ ಮೇಡಮ್ಮೋರೇ. ಗುಡ್ಲಿಂದ ಈಚೆ ಕಾಲಿಟ್ರೆ ಮನೆಗೆ ಒಳ್ಳೇದಾಗಕಿಲ್ಲ" ಎಂದಳು ಅಜ್ಜಿ.

"ಕಾಲಿಡೋದು ಬ್ಯಾಡಜ್ಜಿ" ಎಂದವರು ಮಾವನ ಕಡೆ ತಿರುಗಿದರು. "ಸಿದ್ದಪ್ಪಾರೇ, ಗುಡ್ಲಿನ ಕಟ್ಟಳೆ ಏನು?"

ಮಾವ ತಲೆ ಕೆರೆದುಕೊಂಡ. "ಮಾವ ತಂದ ಸೊಪ್ಪಾಗ್ಬೇಕು, ಮಾವ ಆಕಿದ್ ಗುಡ್ಲಾಗ್ಬೇಕು. ಬಾಗ್ಲಿಗೆ ಒನಕೆ ಅಡ್ಡ ಇಡ್ಬೇಕು."

"ನೆಲದ ಮೇಲೇ ಆಕ್ಬೇಕು ಅಂತ ಉಂಟಾ?"

ಮಾವ ಅಜ್ಜಿಯ ಮುಖ ನೋಡಿದ. ಅಜ್ಜಿ ಅಪ್ಪನ ಮುಖ ನೋಡಿದಳು. ಅಪ್ಪ ಎತ್ತುಗಳನ್ನು ನೋಡಿದ. ಅಂಥ ಮಾತು ಯಾರಿಗೂ ನೆನಪಿರಲಿಲ್ಲ.

ಹಾಗಾಗಿ ನನ್ನ ಗುಡ್ಲು ಗಾಡಿಯ ಮೇಲೆ ಎದ್ದಿತು. ಪರೀಕ್ಷೆಯ ಬೆಳಿಗ್ಗೆ ಮಾವ ಎತ್ತು ಹೂಡಿದ. ಒನಕೆ ಕಾಯುವುದಕ್ಕೆಂದು ಅಜ್ಜಿಯೂ ಹತ್ತಿ ಕೂತಳು. ಪೇಟೆ ಬೀದಿಯಲ್ಲಿ ಈರುಳ್ಳಿ ಲಾರಿಗಳು ನಿಂತು ದಾರಿ ಬಿಟ್ಟವು. ಮಲಯಾಳಿ ಡ್ರೈವರೊಬ್ಬ ದೇವರ ಮೆರವಣಿಗೆ ಅಂದುಕೊಂಡು ಕೈ ಮುಗಿದ. ಅಜ್ಜಿ ಅವನಿಗೆ ಆಶೀರ್ವಾದವನ್ನೂ ಮಾಡಿಬಿಟ್ಟಳು! ಸ್ಕೂಲಿನ ಕಿಟಕಿಯ ಪಕ್ಕ ಗಾಡಿ ನಿಂತಿತು. ಮೇಡಮ್ಮೋರು ಪ್ರಶ್ನೆಪತ್ರಿಕೆಯನ್ನು ಮೊರದಲ್ಲಿಟ್ಟು ಸೊಪ್ಪಿನ ಸಂದಿಯಿಂದ ಒಳಗೆ ತಳ್ಳಿದರು. ಲೆಕ್ಕ ಬಿಡಿಸುವಾಗ ನಾನು ಬಾಯಿಬಿಟ್ಟು ಗುಣಿಸಿದರೆ ಅಜ್ಜಿಯೇ ಒನಕೆಯಿಂದ ತಿವಿದು, "ಸುಮ್ಕೆ ಬರಿಯಮ್ಮಿ, ಕಾಪಿ ಅಂತಾರೆ" ಎನ್ನುತ್ತಿದ್ದಳು.

ಮೇಲ್ವಿಚಾರಣೆಗೆ ಬಂದಿದ್ದ ಇನ್ಸ್‌ಪೆಕ್ಟರು, "ಏನಮ್ಮಾ ಇದು ಅವತಾರ?" ಎಂದರಂತೆ.

"ಪರೀಕ್ಷಾ ಕೊಠಡಿ ಸಾರ್, ಸ್ವಲ್ಪ ಹಸಿರಾಗಿದೆ" ಎಂದರಂತೆ ಇವರು.

ನಾನು ಪಾಸಾದೆ. ಹೈಸ್ಕೂಲಿಗೆ ಕಳಿಸಲು ಅಪ್ಪ ಹಿಂದೆ ಮುಂದೆ ನೋಡಿದಾಗ, "ನನ್ನ ಎತ್ತಿನ ಶ್ರಮ ದಂಡ ಮಾಡ್ಬ್ಯಾಡಿ ಬಾವ" ಎಂದು ಮಾವನೇ ಪಟ್ಟು ಹಿಡಿದ. ಆದರೆ ಊರಿನ ದೊಡ್ಡವರಿಗೆ ಇದು ಸರಿಬೀಳಲಿಲ್ಲ. ಸರಸ್ವತಿಯ ಗುಡಿಯಂಥ ಸ್ಕೂಲಿಗೆ ಮೇಡಮ್ಮೋರು ಮೈಲಿಗೆ ತಂದರೆಂದು ಮೇಲಿನವರಿಗೆ ಅರ್ಜಿ ಹೋಯಿತು. ಹೈಸ್ಕೂಲು ಶುರುವಾದ ವಾರವೇ ಮೇಡಮ್ಮೋರಿಗೆ ಚಿತ್ರದುರ್ಗದ ಆಚೆ ಯಾವುದೋ ಊರಿಗೆ ವರ್ಗವಾಯಿತು.

ಸುದ್ದಿ ಕೇಳಿ ಬಸ್‌ಸ್ಟ್ಯಾಂಡಿಗೆ ಓಡಿದೆ. ಟ್ರಂಕು ಆಗಲೇ ಬಸ್ಸಿನ ಮೇಲೇರಿತ್ತು. ಅವರು ಕಿಟಕಿಯ ಪಕ್ಕ ಕೂತು ಕಡ್ಲೆಕಾಯಿ ಸುಲಿಯುತ್ತಿದ್ದರು.

"ನನ್ನಿಂದ್ಲೇ ನಿಮ್ಗೆ ಇಂಗಾಯ್ತು" ಎಂದು ಬಿಕ್ಕಿದೆ.

"ಸುಮ್ನಿರಮ್ಮಿ. ನಂಗೆ ಎಲ್ಲೋದ್ರೂ ಒಂದು ಸ್ಕೂಲ್ ಸಿಕ್ತದೆ. ನಿಂಗೆ ಆ ಪರೀಕ್ಷೆ ಇನ್ನೊಂದ್ಸಲ ಸಿಕ್ತಿತ್ತಾ?"

ಇಲ್ಲವೆಂದು ತಲೆಯಾಡಿಸಿದೆ.

"ಮತ್ತೆ? ಬೆಲ್ ಒಡಿಯೋ ಒತ್ತಾಯ್ತು, ಓಗು."

ಬಸ್ಸು ಹೊರಡುವವರೆಗಾದರೂ ನಿಲ್ಲಬೇಕೆಂದಿದ್ದೆ. ಅವರು ನಿಲ್ಲಗೊಡಲಿಲ್ಲ. ಹೈಸ್ಕೂಲಿಗೆ ಹೋದೆ. ಅವರನ್ನು ಮತ್ತೆ ನೋಡಲಿಲ್ಲ.