ಸಾನ್ ರೊಕ್ಕುವಿನ ಎಡಮುಂದಿನ ಹೆಗಲು

ವಿಸ್ತಿನನ ಎಡಹೆಗಲ ಮೇಲೆ ಒಂದು ಬನ್ನು ಇತ್ತು. ತಿನ್ನುವ ಬನ್ನಲ್ಲ. ಇಪ್ಪತ್ತೊಂಬತ್ತು ವರ್ಷ ಹಬ್ಬದ ಮೆರವಣಿಗೆಯಲ್ಲಿ ಊರಿನ ಸಂತ ಸಾನ್ ರೊಕ್ಕುವಿನ ವಿಗ್ರಹ ಹೊತ್ತು ಹೊತ್ತು, ತೊಲೆ ಕೂರುವ ಜಾಗದಲ್ಲಿ ಚರ್ಮ ದಪ್ಪಗಟ್ಟಿ ಉಬ್ಬಿದ ಗಂಟು. ನಮ್ಮೂರಲ್ಲಿ ಅದಕ್ಕೆ ಬನ್ನು ಎಂದೇ ಹೆಸರು. ಬೇರೆಯವರು ಅದನ್ನು ಅಂಗಿಯೊಳಗೆ ಇಟ್ಟುಕೊಳ್ಳುತ್ತಾರೆ. ವಿಸ್ತಿನ್ ಮಾತ್ರ ಜೂನ್ ಬಂತೆಂದರೆ ಬನಿಯನ್ನಿನಲ್ಲೇ ಬ್ಯಾಂಡ್ ಕ್ಲಬ್ಬಿಗೆ ಬರುತ್ತಿದ್ದ. ಹೊಸಬರು ಯಾರಾದರೂ ಸಿಕ್ಕರೆ, "ಮುಟ್ಟಿ ನೋಡು, ಹೆದರ್ಬೇಡ, ಕಚ್ಚಲ್ಲ" ಎಂದು ಕೈ ಎಳೆದು ಮುಟ್ಟಿಸುತ್ತಿದ್ದ. ಊರು ಅವನ ಮನೆತನಕ್ಕೇ ಬನ್ನಿನವರು ಎಂದು ಹೆಸರಿಟ್ಟಿತು. ನಮ್ಮಲ್ಲಿ ಅಡ್ಡಹೆಸರು ಒಮ್ಮೆ ಅಂಟಿತೆಂದರೆ ಮೊಮ್ಮಕ್ಕಳ ಮದುವೆಗೂ ಬರುತ್ತದೆ, ಸತ್ತ ಮೇಲೆ ಶೋಕಪತ್ರದಲ್ಲೂ ಕೂರುತ್ತದೆ.

ಕಲ್ಲಿನ ಕ್ವಾರಿಯವರು ಅವನನ್ನು ನಾಲ್ಕು ವರ್ಷದ ಹಿಂದೆಯೇ ಮನೆಗೆ ಕಳಿಸಿದ್ದರು. ಬೆನ್ನು ಹೋಗಿತ್ತು. ಗಂಡಸು ಎಂದು ಹೇಳಿಕೊಳ್ಳಲು ಅವನಿಗೆ ಉಳಿದದ್ದು ಆ ಒಂದು ಜಾಗ: ತೊಲೆಯ ಎಡಗಡೆ, ಮುಂದಿನ ತುದಿ.

ಆ ಜಾಗ ಅವನಿಗೆ ಸಿಕ್ಕ ಬಗೆಯೂ ಊರಿಗೆಲ್ಲ ಗೊತ್ತು. ಹೊರುವ ಎಂಟು ಜನ ಒಂದೇ ಎತ್ತರ ಇರಬೇಕು. ಒಬ್ಬ ಕುಳ್ಳನಾದರೆ ತೊಲೆ ಅವನ ಹೆಗಲಿಗೆ ತಾಗುವುದಿಲ್ಲ, ಅವನ ಪಾಲಿನ ಭಾರವೂ ಹಿಂದಿನವನ ಕತ್ತಿಗೇ ಬೀಳುತ್ತದೆ. ಹನ್ನೊಂದು ವರ್ಷದ ಹಿಂದೆ ಮುಂದಿನ ತುದಿಯಲ್ಲಿದ್ದವನು ಬೂಟು ಹೊಲಿಯುವ ನೇನು. ಅವನ ಹಿಂದೆ ವಿಸ್ತಿನ್. ವಯಸ್ಸು ನೇನುವನ್ನು ಒಂದು ಬೆರಳಿನಷ್ಟು ಇಳಿಸಿತ್ತು, ಅಷ್ಟೇ. ವಿಸ್ತಿನ್ ಹೊರುವವರ ಮೇಸ್ತ್ರಿ ಸಾಲ್ವುಗೆ ಗುಟ್ಟಾಗಿ ಹೇಳಬಹುದಿತ್ತು. ಹೇಳಲಿಲ್ಲ. ಮೆರವಣಿಗೆಯ ನಡುವೆ, ಬ್ಯಾಂಡು ನಿಂತ ಹೊತ್ತು ನೋಡಿಕೊಂಡು, ಜೇಬಿನಿಂದ ಸಂತರ ಚಿತ್ರದ ಕಾರ್ಡು ತೆಗೆದು ನೇನುವಿನ ಹೆಗಲಿಗೂ ತೊಲೆಗೂ ನಡುವೆ ಈ ಕಡೆಯಿಂದ ತೂರಿಸಿ ಆ ಕಡೆಯಿಂದ ಎಳೆದ. ಕಾರ್ಡು ಬೆಣ್ಣೆಯಲ್ಲಿ ಚಾಕು ಹೋದಂತೆ ಹೋಯಿತು.

"ನೋಡ್ರೋ! ನೇನು ಗಾಳಿ ಹೊರ್ತಾ ಇದ್ದಾನೆ!" ಎಂದು ಕೂಗಿದ.

ಬಾಲ್ಕನಿಗಳೆಲ್ಲ ನಕ್ಕವು. ಆ ವರ್ಷದಿಂದ ನೇನು ಕಾರ್ಡು ನೇನು ಆದ. ಅವನ ಹೆಣ್ಣುಮಕ್ಕಳಿಬ್ಬರೂ ಕಾರ್ಡಿನ ಹುಡುಗಿಯರಾದರು. ನೇನು ಮತ್ತೆ ಹಬ್ಬಕ್ಕೆ ಬರಲಿಲ್ಲ. ಮೆರವಣಿಗೆ ತಿರುಗುವ ಮೂಲೆಯಲ್ಲೇ ಅವನ ಅಂಗಡಿ. ಪ್ರತಿ ಹಬ್ಬದ ಸಂಜೆ ಬಾಗಿಲು ಹಾಕಿಕೊಂಡು ಒಳಗಿರುತ್ತಿದ್ದ.

ಈ ವರ್ಷ ಜುಲೈನಲ್ಲಿ ವಿಸ್ತಿನ್ ಅಡುಗೆಮನೆಯ ಗೋಡೆಗೆ ಬೆನ್ನು ಕೊಟ್ಟು ನಿಂತು ಅಳೆದುಕೊಂಡ. ಎರಡು ಬೆರಳು ಕಡಿಮೆ. ಮತ್ತೆ ಅಳೆದ. ಅಷ್ಟೇ.

"ಐದು ಸಲ ಅಳೆದ್ಯಲ್ಲ," ಎಂದಳು ಹೆಂಡತಿ ಜುದಿತ್ತಾ, ಟೊಮೇಟೊ ಹೆಚ್ಚುತ್ತಾ. "ಕರುಣೆ ಬಂದು ಗೋಡೆ ಬಗ್ಗುತ್ತೆ ಅಂದ್ಕೊಂಡ್ಯಾ? ಬೆನ್ನು ನೋವು ಅಂತ ಸಾಲ್ವುಗೆ ಹೇಳಿ ಬಿಟ್ಬಿಡು. ಯಾರೇನಂತಾರೆ?"

"ನೇನುಗೆ ನಾನೇನಂದೆ, ಮರೆತ್ಯಾ?"

"ಯಾಕೆ ಮರೀಲಿ? ನಾನೂ ನಕ್ಕಿದ್ದೆ."

ಬೂಟಿನ ಅಟ್ಟೆ ಎತ್ತರಿಸಿದರೆ ಮುಗಿಯಿತು. ಆದರೆ ನಮ್ಮೂರಲ್ಲಿ ಬೂಟು ಹೊಲಿಯುವವನು ಒಬ್ಬನೇ. ಪಕ್ಕದೂರಿಗೆ ಹೋದರೆ ಅಲ್ಲಿಯ ಕ್ಲಬ್ಬಿನವರು ಹಬ್ಬಕ್ಕೆ ಮೊದಲೇ ಹಾಡು ಕಟ್ಟಿ ಹಾಡುತ್ತಾರೆ. ವಿಸ್ತಿನ್ ಮೂರು ದಿನ ನೇನುವಿನ ಅಂಗಡಿ ದಾಟಿ ಹೋದ, ನಾಲ್ಕನೆಯ ದಿನ ಒಳಗೆ ಹೋದ.

ನೇನು ತಲೆ ಎತ್ತಲಿಲ್ಲ. ಬಾಯಲ್ಲಿ ಮೊಳೆಗಳಿದ್ದವು.

"ಅಟ್ಟೆ ಸ್ವಲ್ಪ... ಎತ್ತರ ಮಾಡ್ಬೇಕಿತ್ತು," ಎಂದ ವಿಸ್ತಿನ್.

ನೇನು ಮೊಳೆಗಳನ್ನು ಅಂಗೈಗೆ ಉಗಿದ. "ಕಿವಿ ಮಂದ ಆಗಿದೆ. ಜೋರಾಗಿ ಹೇಳು."

"ಎತ್ತರ. ಎರಡು ಬೆರಳು."

"ಯಾಕೆ?"

"ಯಾಕೆ ಅಂದ್ರೆ? ಬೇಕು."

"ಕಾರಣ ಗೊತ್ತಿಲ್ದೆ ನಾನು ಬೂಟು ಮುಟ್ಟಲ್ಲ. ಕಾಲು ನೋವಾ? ಹಿಮ್ಮಡಿ ಸೀಳಿದ್ಯಾ?"

ಹೊರಗೆ ಇಬ್ಬರು ಹೆಂಗಸರು ಬೀದಿ ದೀಪಗಳ ಬಗ್ಗೆ ಮಾತಾಡುತ್ತಿದ್ದರು. ವಿಸ್ತಿನ್ ಬಾಗಿಲನ್ನು ಅರ್ಧ ಎಳೆದ. "ನಾನು ಕುಳ್ಳ ಆಗಿದ್ದೀನಿ, ನೇನು."

"ಏನಂದೆ?"

"ಕುಳ್ಳ ಆಗಿದ್ದೀನಿ ಅಂದೆ!"

ಹೊರಗಿನ ಮಾತು ನಿಂತಿತು. ನೇನು ತೃಪ್ತಿಯಿಂದ ಕೈ ಒರೆಸಿಕೊಂಡು ಬೂಟು ತೆಗೆದುಕೊಂಡ. "ಶುಕ್ರವಾರ ಬಾ. ದುಡ್ಡು ಬೇಡ. ಸಂತನಿಗೆ ನನ್ನ ಕಾಣಿಕೆ ಅಂದ್ಕೊ."

ವಿಸ್ತಿನನ ಕಣ್ಣು ಒದ್ದೆಯಾಯಿತು. "ಅವತ್ತಿನದು ತಪ್ಪು ಕಣೋ," ಎಂದ.

"ಹೋಗ್ಲಿ ಬಿಡು. ನಿಂಗೆ ಈಗ ವಯಸ್ಸಾಯ್ತು."

ಹಬ್ಬದ ಹಿಂದಿನ ಭಾನುವಾರ ಚರ್ಚಿನ ಒಳಕೋಣೆಯಲ್ಲಿ ಅಳತೆ ನಡೆಯಿತು. ಬಾಗಿಲ ಚೌಕಟ್ಟಿನ ಮೇಲೆ ಒಂದು ಹಳೆಯ ಗೆರೆ, ಅದಕ್ಕೆ ತಲೆ ಮುಟ್ಟಬೇಕು. ವಿಸ್ತಿನ್ ನಿಂತ. ಮುಟ್ಟಿತು. ಬೇಕಾದ್ದಕ್ಕಿಂತ ಕೂದಲೆಳೆಯಷ್ಟು ಹೆಚ್ಚೇ ಮುಟ್ಟಿತು.

"ಮುದುಕ ಬೆಳೀತಿದ್ದಾನೆ ಕಣ್ರೋ!" ಎಂದ ಮೇಸ್ತ್ರಿ ಸಾಲ್ವು. "ಮುಂದಿನ ವರ್ಷ ಗಂಟೆಗೋಪುರಕ್ಕೆ ತಲೆ ಹೊಡೀತಾನೆ."

ಹಬ್ಬದ ಸಂಜೆ ಸಾನ್ ರೊಕ್ಕು ಹೊರಗೆ ಬಂದ. ವಿಗ್ರಹದ ಕಾಲಬುಡದಲ್ಲಿ ರೊಟ್ಟಿ ಕಚ್ಚಿದ ಕೆತ್ತನೆಯ ನಾಯಿ, ತಲೆಯ ಮೇಲೆ ಸಿಡಿಮದ್ದಿನ ಹೊಗೆ. ಮೇಲಿನಿಂದ ಕಾಗದದ ಚೂರುಗಳು ಹೊಟ್ಟು ಸುರಿದಂತೆ ಸುರಿಯುತ್ತಿದ್ದವು. ತೊಲೆ ವಿಸ್ತಿನನ ಬನ್ನಿನ ಮೇಲೆ ಕೂತಿತು. ಅಬ್ಬಾ, ಎಂಥ ಭಾರ! ಎಂಥ ಹಿತವಾದ ನೋವು! ಅವನು ಹಲ್ಲು ಕಚ್ಚಿ ನಕ್ಕ. ಆಗಸ್ಟಿನ ಧಗೆ, ಬೆವರು ಬೆನ್ನಿನಿಂದ ಇಳಿದು ತೊಡೆಗೆ, ತೊಡೆಯಿಂದ ಬೂಟಿಗೆ.

ಹೊರಟು ಒಂದು ಗಂಟೆ ಆಗುವ ಹೊತ್ತಿಗೆ ಭಾರ ಹಗುರಾಗತೊಡಗಿತು. ಮೊದಲು ಅವನಿಗೆ ಅರ್ಥವಾಗಲಿಲ್ಲ. ಸಂತನೇ ಕೈ ಕೊಟ್ಟು ತೊಲೆ ಎತ್ತಿಕೊಂಡಿದ್ದಾನೆ, ಇಪ್ಪತ್ತೊಂಬತ್ತು ವರ್ಷದ ಸೇವೆಗೆ ಇದು ಕೃಪೆ ಎಂದುಕೊಂಡು ತುಟಿಯಲ್ಲೇ ಸ್ತೋತ್ರ ಹೇಳಿದ. ಆಮೇಲೆ ಹಿಂದಿನವನು ನರಳುವುದು ಕೇಳಿಸಿತು. ಆಮೇಲೆ ಬೂಟಿನೊಳಗೆ ಪಿಚಪಿಚ ಎನ್ನುವುದು ಕಾಲಿಗೆ ಗೊತ್ತಾಯಿತು. ಎತ್ತರಿಸಿದ ಅಟ್ಟೆಯಲ್ಲಿದ್ದದ್ದು ಚರ್ಮವಲ್ಲ, ಒದ್ದೆ ರಟ್ಟು, ಅಂಬಲಿಯಂತೆ.

ವಿಸ್ತಿನ್ ಮುಖ ಹಿಂಡಿಕೊಂಡ. ಭಾರ ಹೊತ್ತವನಂತೆ "ಹ್ಞಂ... ಹ್ಞಂ..." ಎಂದು ಏದುಸಿರು ಬಿಟ್ಟ. ಬಾಲ್ಕನಿಯಿಂದ ಯಾರೋ, "ಭಲೇ ಬನ್ನು!" ಎಂದು ಚಪ್ಪಾಳೆ ತಟ್ಟಿದರು.

ಮೂಲೆ ಬಂತು. ಅಲ್ಲಿ ವಿಗ್ರಹ ಎಡಕ್ಕೆ ತಿರುಗಬೇಕು. ಏಳು ಜನ ಹೆಜ್ಜೆ ಹಾಕಿ ಸುತ್ತುತ್ತಾರೆ, ಎಡಮುಂದಿನವನು ಗೂಟದಂತೆ ನಿಂತಲ್ಲೇ ಇರುತ್ತಾನೆ. ಅವನು ನಿಲ್ಲುವುದು ಸರಿಯಾಗಿ ನೇನುವಿನ ಹೊಸ್ತಿಲ ಮುಂದೆ. ಹನ್ನೊಂದು ವರ್ಷದಲ್ಲಿ ಮೊದಲ ಸಲ ಬಾಗಿಲು ತೆರೆದಿತ್ತು. ನೇನು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಕುರ್ಚಿಯಲ್ಲಿ ಕೂತಿದ್ದ.

ಎದ್ದು ಹತ್ತಿರ ಬಂದ. "ಭಾರಾನಾ, ವಿಸ್ತಿನ್?"

"ನೇನು, ಬೇಡ. ನಿನ್ ದಮ್ಮಯ್ಯ."

"ಹೊರಟು ಒಂದು ಗಂಟೆ ಹತ್ತು ನಿಮಿಷ. ರಟ್ಟು ಬೆವರಿಗೆ ಅಷ್ಟೇ ತಡೆಯೋದು. ಚರ್ಮ ಹಾಕಿದ್ರೆ ನೀನು ಚರ್ಚು ಮುಟ್ಟಿಬಿಡ್ತಿದ್ದೆ. ನಲವತ್ತು ವರ್ಷದ ಕಸುಬು, ಲೆಕ್ಕ ತಪ್ಪುತ್ತಾ?"

ಜೇಬಿನಿಂದ ತೆಗೆದ. ಅದೇ ಕಾರ್ಡು, ಮೂಲೆ ಮಡಿಚಿದ್ದು. ಅಂದು ಬೀದಿಯಿಂದ ಹೆಕ್ಕಿಕೊಂಡು ಹೋಗಿ ಮೊಳೆಯ ಡಬ್ಬಿಯಲ್ಲಿ ಇಟ್ಟಿದ್ದ. ಬ್ಯಾಂಡು ಒಂದು ಹಾಡು ಮುಗಿಸಿ ಉಸಿರು ಎಳೆದುಕೊಳ್ಳುತ್ತಿತ್ತು. ನೇನು ಕಾರ್ಡನ್ನು ತೂರಿಸಿದ. ಕಾರ್ಡೇನು, ಅವನ ನಾಲ್ಕು ಬೆರಳೂ ಜೊತೆಗೆ ಹೋಗಿ ಆ ಕಡೆ ಬಂದವು. ಬೆರಳುಗಳನ್ನು ಎಲ್ಲರಿಗೂ ಕಾಣುವಂತೆ ಆಡಿಸಿದ.

ಆಮೇಲೆ ಬೀದಿಗೆ ಬೀದಿಯೇ ನಕ್ಕಿತು. ಹಿಂದಿನವನು ನಗಲಿಲ್ಲ, ಅವನ ಅಂಗಿಯ ಹೆಗಲು ರಕ್ತವಾಗಿತ್ತು. "ಥೂ, ಇಷ್ಟು ಹೊತ್ತು ನಿನ್ನನ್ನೂ ಹೊರ್ತಿದ್ನೇನೋ ನಾನು?" ಎಂದ.

ವಿಸ್ತಿನ್ ತೊಲೆಯ ಕೆಳಗಿಂದ ಜಾರಲು ನೋಡಿದ. ಬದಲಿ ಆಳು ಪಕ್ಕದಲ್ಲೇ ನಡೆಯುತ್ತಿದ್ದ, ಹೆಗಲು ಕೊಡಲು ಮುಂದೆಯೂ ಬಂದ. ಸಾಲ್ವು ಅವನನ್ನು ಕೈಯಿಂದ ತಡೆದ.

"ಎಲ್ಲಿಗೆ ಹೋಗ್ತೀಯ, ವಿಸ್ತಿನ್? ನಿನ್ನ ಜಾಗ ಅಲ್ವಾ? ಅಲ್ಲೇ ಇರು. ಊರೆಲ್ಲಾ ನೋಡ್ಲಿ."

ಹಾಗೆ ಅವನು ನಡೆದ. ಇನ್ನೂ ಅರ್ಧ ದಾರಿ ಇತ್ತು. ಸುದ್ದಿ ವಿಗ್ರಹಕ್ಕಿಂತ ಮುಂದೆ ಓಡಿತ್ತು. ಪ್ರತಿ ಬಾಲ್ಕನಿಯೂ ಅವನಿಗಾಗಿ ಕಾದಿತ್ತು. "ಭಾರಾನಾ, ವಿಸ್ತಿನ್?" "ಗಾಳಿ ಜಾಸ್ತಿ ಇದ್ಯಾ, ಮಾಮ?" ಮಕ್ಕಳು ಕಾಗದದ ಚೂರುಗಳನ್ನು ಗುರಿಯಿಟ್ಟು ಅವನ ಹೆಗಲಿಗೇ ಎಸೆದರು. ಚೂರುಗಳು ತೊಲೆಯ ಕೆಳಗೆ, ಬನ್ನಿನ ಮೇಲೆ ಕೂತವು. ಅವನ್ನು ಒತ್ತಲು ಏನೂ ಇರಲಿಲ್ಲ. ಚರ್ಚು ಮುಟ್ಟಿದಾಗಲೂ ಅಲ್ಲೇ ಇದ್ದವು, ಗರಿಗರಿಯಾಗಿ.

ಜುದಿತ್ತಾ ಮನೆಯಲ್ಲಿ ಅವನ ಮೆರವಣಿಗೆಯ ಬಿಳಿ ನಿಲುವಂಗಿ ತೆಗೆದುಕೊಂಡು ಹೆಗಲ ಭಾಗ ದೀಪಕ್ಕೆ ಹಿಡಿದು ನೋಡಿದಳು. "ಒಗೆಯೋದೇ ಬೇಡ," ಎಂದಳು.

ನೇನು ಆ ರಾತ್ರಿ ಹನ್ನೊಂದು ವರ್ಷದ ನಂತರ ಕ್ಲಬ್ಬಿಗೆ ಹೋಗಿ ವೈನ್ ಕುಡಿದ. ಕಾರ್ಡಿನ ಹೆಸರು ಇನ್ನು ತನ್ನ ಮನೆ ಬಿಟ್ಟು ಹೋಯಿತು, ಹೆಣ್ಣುಮಕ್ಕಳು ತಲೆ ಎತ್ತಿ ನಡೆಯಬಹುದು ಎಂದು ಪಕ್ಕದವನಿಗೆ ಹೇಳಿಯೂ ಹೇಳಿದ.

ಮರುದಿನ ಬೆಳಿಗ್ಗೆ ರೊಟ್ಟಿಯ ವ್ಯಾನು ಹಾರನ್ ಹೊಡೆಯುತ್ತಾ ಮೂಲೆಯಲ್ಲಿ ನಿಂತಿತು. ವಿಸ್ತಿನ್ ತಲೆ ತಗ್ಗಿಸಿಕೊಂಡು ಸಾಲಿನಲ್ಲಿದ್ದ. ಅವನ ಮುಂದೆ ನೇನು, ಎದೆ ಸೆಟೆಸಿಕೊಂಡು. ಇಬ್ಬರೂ ಈಗ ಹೆಚ್ಚು ಕಡಿಮೆ ಒಂದೇ ಎತ್ತರ.

ವ್ಯಾನಿನವನು ಒಳಗಿದ್ದ ತಮ್ಮನಿಗೆ ಕೂಗಿ ಹೇಳಿದ: "ಲೋ, ಹಳೇ ಕಾರ್ಡಿಗೆ ಎರಡು ರೊಟ್ಟಿ, ಹೊಸಾ ಕಾರ್ಡಿಗೆ ಒಂದು!"